ತಲೆಯ ಕಡೆ ನಿಲ್ಲುವ ಕೆಲಸ

ಪರೀಕ್ಷೆಯ ಫಲಿತಾಂಶ ಬಂದ ದಿನ ಆ ಮನೆಯಲ್ಲಿ ಅತ್ತವಳು ಪಾಸಾದವಳೊಬ್ಬಳೇ. ಉಳಿದವರೆಲ್ಲ ಹಿಗ್ಗಿ ಹೀರೇಕಾಯಿಯಾಗಿದ್ದರು.

ಮನೆ ಎಂದರೆ ಮುಂದೆ ಕ್ಷೌರದಂಗಡಿ, ಹಿಂದೆ ಸಂಸಾರ, ನಡುವೆ ಒಂದು ಪರದೆ. ಅಂಗಡಿಯಲ್ಲಿ ಎರಡು ಕುರ್ಚಿ, ಒಂದು ಮಾವನದು, ಇನ್ನೊಂದು ಗಂಡನದು. ಪರದೆಯ ಈಚೆ ಒಲೆ, ಅಜ್ಜಿಯ ಮಂಚ, ಮೇಲಿನ ಕೋಣೆಗೆ ಹೋಗುವ ಕಡಿದಾದ ಮೆಟ್ಟಿಲು. ಸೊಸೆ ಈ ಮನೆಗೆ ಕಾಲಿಡುವ ಹೊತ್ತಿಗೆ ಅತ್ತೆ ತೀರಿಕೊಂಡು ವರ್ಷಗಳೇ ಆಗಿದ್ದವು. ಹಾಗಾಗಿ ಬಂದ ದಿನದಿಂದಲೇ ಅಡುಗೆಮನೆ ಅವಳ ಪಾಲಿಗೆ ಬಿತ್ತು. ಅವಳಿಗೆ ಮಾತು ಕಡಿಮೆ. ಆದರೆ ಪರದೆಯ ಆಚೆ ಯಾರು ಏನೆಂದರು, ಈಚೆ ಯಾರ ಮುಖ ಸಪ್ಪಗಾಯಿತು, ಇವೆರಡೂ ಅವಳ ಕಣ್ಣು ಕಿವಿ ತಪ್ಪುತ್ತಿರಲಿಲ್ಲ.

ಪಾಸಾದವಳು ನಾದಿನಿ. ಚಿಕ್ಕಂದಿನಲ್ಲಿ ಕಾಳು ಹೆಕ್ಕಿದ ಹಾಗೆ ಉಣ್ಣುತ್ತಿದ್ದಳೆಂದು ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಗುಬ್ಬಿ ವೈದ್ಯಕೀಯ ಓದಿ ಮುಗಿಸಿ, ದೊಡ್ಡಾಸ್ಪತ್ರೆಯಲ್ಲಿ ತರಬೇತಿಯ ಕೊನೆಯ ತಿಂಗಳುಗಳಲ್ಲಿದ್ದಳು. ಡಾಕ್ಟರಾಗಿ ಕೆಲಸ ಮಾಡಲು ಪರವಾನಗಿ ಪರೀಕ್ಷೆ ಪಾಸಾಗಬೇಕಿತ್ತು. ಅದು ಆಯಿತು.

"ಅಪ್ಪಾ, ಪಾಸು," ಎಂದು ಅವಳು ಪರದೆ ಸರಿಸಿ ಹೇಳಿದ್ದೇ ತಡ, ಮಾವ ಗಿರಾಕಿಯ ಅರ್ಧ ಗಡ್ಡವನ್ನು ನೊರೆಯಲ್ಲೇ ಬಿಟ್ಟು, ಸೋಪಿನ ತುಂಡು ತೆಗೆದುಕೊಂಡು ಕನ್ನಡಿಯ ಮೇಲೆ ದೊಡ್ಡದಾಗಿ ಬರೆದೇಬಿಟ್ಟರು: 'ನಾಳೆ ಎಲ್ಲರಿಗೂ ಗಡ್ಡ ಉಚಿತ.'

"ಗಡ್ಡ ಉಚಿತವಾಗಿ ಯಾರಿಗೆ ಬೇಕೋ? ಅವರವರ ಮುಖದಲ್ಲೇ ಬೆಳೆಯುತ್ತಲ್ಲ," ಎಂದರು ಅಜ್ಜಿ ಮಂಚದಿಂದ.

"ಅಮ್ಮಾ, ಬೋಳಿಸೋದು ಉಚಿತ!"

"ಹಾಗಂತ ಬರಿ ಮತ್ತೆ."

ಸಂಜೆ ಹಿತ್ತಲಿನ ನಲ್ಲಿಯ ಹತ್ತಿರ ಅಂಗಡಿಯ ಟವೆಲುಗಳನ್ನು ಹಿಂಡುತ್ತಿದ್ದ ಸೊಸೆಯ ಜೊತೆ ಗುಬ್ಬಿಯೂ ಇನ್ನೊಂದು ತುದಿ ಹಿಡಿದುಕೊಂಡಳು. ಹಿಂಡುತ್ತ ಹಿಂಡುತ್ತ ಅವಳ ಮೂಗು ಕೆಂಪಾಯಿತು.

"ಏನಾಯ್ತೇ? ಪಾಸಾದೆ ಅಂದೆಯಲ್ಲ."

"ಪಾಸಾದದ್ದೇ ತೊಂದರೆ ಆಯ್ತು ಅತ್ತಿಗೆ. ಅಂಕ ಕಡಿಮೆ ಬಂದಿದೆ. ಇನ್ನೂರ ಹತ್ತೊಂಬತ್ತು."

"ಕಡಿಮೆ ಅಂದ್ರೆ?"

"ಮುಂದೆ ಯಾವ ವಿಭಾಗ ಓದಬಹುದು ಅನ್ನೋದನ್ನ ಅಂಕಾನೇ ಹೇಳೋದು. ಒಂದೊಂದಕ್ಕೂ ಒಂದೊಂದು ಗೆರೆ. ಶಸ್ತ್ರಚಿಕಿತ್ಸೆಗೆ ಇನ್ನೂರ ನಲವತ್ತಾದ್ರೂ ಬೇಕು. ಅಪ್ಪ ಊರಿಗೆಲ್ಲ ಹೇಳ್ಕೊಂಡು ಬಂದಿರೋದು ಅದನ್ನೇ."

"ಇನ್ನೊಂದು ಸಲ ಬರೆದ್ರೆ?"

"ಫೇಲಾದವರು ಮಾತ್ರ ಮತ್ತೆ ಬರೀಬಹುದು. ಪಾಸಾದವರಿಗೆ ಬಂದದ್ದೇ ಕೊನೆ."

ಸೊಸೆ ಟವೆಲನ್ನು ಕೊಡವಿ ತಂತಿಗೆ ಹಾಕಿದಳು. ಇಂಥ ಪರೀಕ್ಷೆಯನ್ನು ಅವಳು ಕೇಳಿರಲಿಲ್ಲ. "ಮೊದಲು ಮುಖ ತೊಳಿ. ಮೊಟ್ಟೆ ಬೇಯಿಸಿದೀನಿ," ಎಂದಳು.

"ಯಾರಿಗೂ ಹೇಳಬೇಡಿ. ನಾನೇ ಹೇಳ್ತೀನಿ."

ಮರುದಿನ ಅಂಗಡಿಯ ಮುಂದೆ ಸಾಲು ನಿಂತಿತು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಹಾಗೆ, ನಿನ್ನೆ ಬೋಳಿಸಿಕೊಂಡವರೂ ಕೆನ್ನೆ ಸವರಿಕೊಂಡು ಬಂದರು. ಸೊಸೆ ಬಿಸಿನೀರು ಕಾಯಿಸಿ ಕಾಯಿಸಿ ಪರದೆಯ ಸಂದಿಯಿಂದ ಕೊಡುತ್ತಿದ್ದಳು. ಮಾವ ಒಬ್ಬೊಬ್ಬರನ್ನೂ ಹಿಂದಕ್ಕೆ ಒರಗಿಸಿ, ಗಂಟಲ ಮೇಲೆ ಕತ್ತಿ ಇಟ್ಟು, ಒಂದೇ ಮಾತು ಹೇಳುತ್ತಿದ್ದರು: "ನಮ್ಮ ಕೈಲಿರೋದು ಗಡ್ಡ ಕೆರೆಯೋ ಕತ್ತಿ. ಮಗಳ ಕೈಲಿ ಜೀವ ಉಳಿಸೋ ಕತ್ತಿ. ಸರ್ಜನ್ ಆಗ್ತಾಳೆ. ಏನಂತೀರಿ?"

ಕತ್ತಿ ಗಂಟಲ ಮೇಲಿರುವಾಗ ಯಾರು ತಾನೇ ಇಲ್ಲ ಅಂದಾರು? ಎಲ್ಲರೂ ಮೂಗಿನಲ್ಲೇ 'ಹೂಂ' ಅಂದರು. ಸಂಜೆಯ ಹೊತ್ತಿಗೆ ಆ ಬೀದಿಯ ಮಟ್ಟಿಗೆ ಗುಬ್ಬಿ ಸರ್ಜನ್ ಆಗಿಬಿಟ್ಟಿದ್ದಳು.

ವಾರವಾಯಿತು. ಗುಬ್ಬಿ ಹೇಳಲಿಲ್ಲ. ಬೆಳಿಗ್ಗೆ ಬೇಗ ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದಳು. ಮಧ್ಯಾಹ್ನದ ಊಟವನ್ನು ಸೊಸೆಯೇ ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದಳು. ಡಬ್ಬಿ ಮರಳಿ ಬಂದಾಗ ಅರ್ಧ ಹಾಗೇ ಇರುತ್ತಿತ್ತು. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಮಾವನೇ ಮಾತು ತೆಗೆದರು.

"ಸರ್ಜರಿಗೆ ಯಾವಾಗ ಸೇರಿಸ್ಕೋತಾರಂತೆ? ಗಿರಾಕಿಗಳು ಕೇಳ್ತಾ ಇದಾರೆ."

ಗುಬ್ಬಿ ತಟ್ಟೆಯಲ್ಲೇ ಬೆರಳಾಡಿಸುತ್ತ ಹೇಳಿಬಿಟ್ಟಳು. ಅಂಕ, ಗೆರೆ, ಮತ್ತೆ ಬರೆಯುವ ಹಾಗಿಲ್ಲ ಎನ್ನುವುದು, ಎಲ್ಲವನ್ನೂ. ಮಾವನ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಅಂದ್ರೆ ಫೇಲಾಗಿದ್ರೆ ಚೆನ್ನಾಗಿತ್ತು ಅಂತೀಯಾ?" ಎಂದರು ಅಜ್ಜಿ.

"ಒಂದು ಲೆಕ್ಕಕ್ಕೆ ಹೌದಜ್ಜಿ."

"ಇದೆಂಥ ಪರೀಕ್ಷೆನೋ ತಾಯಿ! ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಹಾಗಾಯ್ತಲ್ಲ."

ಮಾವ ತುತ್ತನ್ನು ತಟ್ಟೆಗೇ ಹಾಕಿದರು. "ಅರ್ಜಿ ಯಾವಾಗ ಹಾಕಬೇಕು?"

"ತಿಂಗಳ ಕೊನೆಗೆ. ಯಾವ ಯಾವ ವಿಭಾಗ ಬೇಕು ಅಂತ ಬರೆದುಕೊಡಬೇಕು. ನನ್ನ ಅಂಕಕ್ಕೆ ಮಕ್ಕಳ ವಿಭಾಗ ಕಷ್ಟ. ಲ್ಯಾಬಿನ ಕೆಲಸ ಸಿಗಬಹುದು. ಅರಿವಳಿಕೆ ಸಿಗುತ್ತೆ."

"ಅದೇನದು?"

"ಆಪರೇಷನ್‌ಗೆ ಮುಂಚೆ ಮತ್ತು ಬರಿಸ್ತಾರಲ್ಲ, ಅದು."

"ಮಲಗಿಸೋ ಕೆಲಸ!" ಮಾವ ಗಟ್ಟಿಯಾಗಿ ನಕ್ಕರು, ಆದರೆ ಮುಖದಲ್ಲಿ ನಗು ಇರಲಿಲ್ಲ. "ಅದಕ್ಕೆ ಇಷ್ಟು ವರ್ಷ ಓದಬೇಕಿತ್ತೇನೇ? ನನ್ನ ಕುರ್ಚೀಲಿ ಕೂತವರು ಸೂಜಿ ಇಲ್ಲದೇ ಮಲಗ್ತಾರೆ."

"ಅದು ನಿನ್ನ ಮಾತಿಗೆ ಮಲಗೋದು, ಕೈಗಲ್ಲ," ಎಂದರು ಅಜ್ಜಿ.

ಮಾವ ಎದ್ದು ಕೈ ತೊಳೆದುಕೊಂಡರು. "ಸರ್ಜರಿ ಒಂದನ್ನೇ ಬರಿ. ಬೇರೇನೂ ಬರೀಬೇಡ. ಸಿಕ್ಕರೆ ಸಿಕ್ತು. ಸಿಗದಿದ್ರೆ ಮುಂದಿನ ವರ್ಷ ಆ ಗೆರೆ ಕೆಳಗೆ ಇಳೀಬಹುದು. ನಾನು ಬೀದೀಲಿ ತಲೆ ಎತ್ಕೊಂಡು ಓಡಾಡಬೇಕು."

"ಹತ್ತರಲ್ಲಿ ಒಂಬತ್ತು ಪಾಲು ಸಿಗಲ್ಲ ಅಪ್ಪ."

"ಒಂದು ಪಾಲು ಇದೆಯಲ್ಲ!"

ಆಗ ಗಂಡ ಬಾಯಿ ಬಿಟ್ಟ. ಅವನ ಕುರ್ಚಿಯ ಕೆಳಗಿನ ಪಂಪು ಕೆಟ್ಟು ವರ್ಷವಾಗಿತ್ತು. ಕುರ್ಚಿ ಮೇಲೇಳುತ್ತಿರಲಿಲ್ಲ. ಕುಳ್ಳಗಿನ ಗಿರಾಕಿ ಬಂದರೆ ಅವನು ಬಿಲ್ಲಿನ ಹಾಗೆ ಬಗ್ಗಿ ಕತ್ತರಿಸಬೇಕಿತ್ತು, ರಾತ್ರಿ ಸೊಂಟಕ್ಕೆ ಬಿಸಿನೀರಿನ ಚೀಲ.

"ಇನ್ನೊಂದು ವರ್ಷ ಅವಳು ಸಂಬಳ ಇಲ್ಲದೇ ಸುಮ್ನೆ ಕೂತ್ರೆ ನನ್ನ ಕುರ್ಚೀನೂ ಇನ್ನೊಂದು ವರ್ಷ ಕೂತಿರುತ್ತೆ. ಸೊಂಟ ನಿಮ್ಮದಲ್ಲವಲ್ಲ."

"ತಂಗಿಗಿಂತ ಕುರ್ಚಿ ಹೆಚ್ಚಾಯ್ತೇನೋ ನಿನಗೆ?"

"ಬೀದಿಗಿಂತ ಮಗ ಕಡಿಮೆ ಆದ್ನಾ ನಿಮಗೆ?"

ಮಾವ ಪರದೆ ಸರಿಸಿ ಅಂಗಡಿಗೆ ಹೋದರು. ಕತ್ತಲಲ್ಲೇ ಕತ್ತರಿಗಳನ್ನು ಒಂದೊಂದಾಗಿ ಒರೆಸಿಡುವ ಸದ್ದು ಬಹಳ ಹೊತ್ತು ಕೇಳಿಸಿತು.

ಆಮೇಲಿನ ದಿನಗಳಲ್ಲಿ ಆ ಮನೆಯ ಊಟ ನಾಲ್ಕು ಪಾಳಿಯಲ್ಲಿ ನಡೆಯಿತು. ಗಂಡ ಬಂದರೆ ಮಾವ ಬರುವುದಿಲ್ಲ. ಗುಬ್ಬಿ ಕೂತರೆ ಇಬ್ಬರೂ ಬರುವುದಿಲ್ಲ. ಸೊಸೆ ಅನ್ನ ಬಿಸಿ ಮಾಡಿ ಮಾಡಿ ತಳ ಹತ್ತಿಸಿಕೊಂಡಳು. "ಜಗಳ ಇವರದು, ಮಸಿ ಪಾತ್ರೆಗೆ," ಎಂದು ಅಜ್ಜಿ ಗೊಣಗಿದರು.

ಒಂದು ಭಾನುವಾರ ಮೇಲಿನ ಕೋಣೆ ಗುಡಿಸಲು ಹೋದವಳಿಗೆ ಗುಬ್ಬಿ ಕಿಟಕಿಯ ಕಟ್ಟೆಯ ಮೇಲೆ ಕೂತಿರುವುದು ಕಾಣಿಸಿತು.

"ಅತ್ತಿಗೆ, ಒಂದು ಮಾತು. ಈ ತಿಂಗಳು ನನ್ನನ್ನ ಅರಿವಳಿಕೆ ವಿಭಾಗಕ್ಕೆ ಹಾಕಿದಾರೆ. ಅಲ್ಲಿನ ಕೆಲಸ ನನಗೆ ಹಿಡಿಸಿದೆ. ಆದ್ರೆ ಅಂಕ ಬರಲಿಲ್ಲ ಅಂತ ಹಿಡಿಸ್ತಾ ಇದೆಯೋ, ನಿಜವಾಗ್ಲೂ ಹಿಡಿಸಿದೆಯೋ, ನನಗೇ ಗೊತ್ತಾಗ್ತಾ ಇಲ್ಲ."

ಸೊಸೆ ಪೊರಕೆ ನಿಲ್ಲಿಸಿದಳು. "ಮದುವೆ ಗೊತ್ತಾದಾಗ ನನಗೂ ಹಾಗೇ ಇತ್ತು."

"ಈಗ?"

"ನಿಮ್ಮಣ್ಣ ಗೊರಕೆ ಹೊಡೀದೇ ಇರೋ ದಿನ ಹಿಡಿಸಿದೆ ಅನ್ಸುತ್ತೆ."

ಗುಬ್ಬಿ ಆ ವಾರದಲ್ಲಿ ಮೊದಲ ಸಲ ನಕ್ಕಳು. ಆಮೇಲೆ, "ಅಪ್ಪ ಹೇಳಿದ ಹಾಗೆ ಬರೆದುಬಿಡ್ಲಾ? ಒಂದು ವರ್ಷ ತಾನೇ," ಎಂದಳು.

ಸೊಸೆ ಇದಕ್ಕೆ ಉತ್ತರ ಕೊಟ್ಟದ್ದು ಆ ದಿನ ಮಧ್ಯಾಹ್ನ, ಅದೂ ಗುಬ್ಬಿಗಲ್ಲ. ಮಾವ ಒಬ್ಬರೇ ಊಟಕ್ಕೆ ಕೂತಿದ್ದರು. ಅಜ್ಜಿ ಮಂಚದ ಮೇಲೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಸೊಸೆ ಸಾರು ಬಡಿಸಿ ಸೌಟನ್ನು ಕೈಯಲ್ಲೇ ಹಿಡಿದು ನಿಂತಳು. ಈ ಮನೆಗೆ ಬಂದ ಮೂರು ವರ್ಷದಲ್ಲಿ ಅವಳು ಮಾವನಿಗೆ ತಾನಾಗಿ ಕೇಳಿದ್ದು 'ಇನ್ನಷ್ಟು ಹಾಕಲಾ' ಎಂಬುದೊಂದನ್ನೇ.

"ಮಾವ, ಸೀಟು ಸಿಗದಿದ್ರೆ ಆ ವರ್ಷ ಗುಬ್ಬಿ ಎಲ್ಲಿರ್ತಾಳೆ?"

"ಎಲ್ಲಿರ್ತಾಳೆ? ಮನೇಲಿ."

"ನಾನು ಶಾಲೆ ಬಿಟ್ಟ ವರ್ಷ ಮನೇಲೇ ಇದ್ದೆ. ಅಪ್ಪ ಮುಂದಿನ ವರ್ಷ ಸೇರಿಸ್ತೀನಿ ಅಂದಿದ್ರು. ಮೊದಲು ಎಲ್ಲರೂ ಕೇಳ್ತಿದ್ರು, ಯಾವಾಗ ಹೋಗ್ತೀಯಾ ಅಂತ. ಆಮೇಲೆ ಕೇಳೋದು ಬಿಟ್ರು. ಅಷ್ಟು ಹೊತ್ತಿಗೆ ಪುಸ್ತಕ ತೆಗೆಯೋಕೆ ನನಗೇ ಹೆದರಿಕೆ ಆಗ್ತಿತ್ತು."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು. ಮಾವ ತಲೆ ಎತ್ತಲಿಲ್ಲ. "ಉಪ್ಪು ಹೆಚ್ಚಾಗಿದೆ," ಎಂದರು.

"ಉಪ್ಪು ಸರಿಯಾಗೇ ಇದೆ," ಎಂದರು ಅಜ್ಜಿ. "ಮಾತು ಖಾರ ಆಯ್ತು ಅಷ್ಟೆ."

ಇದಾಗಿ ಎರಡು ದಿನಕ್ಕೆ ದೊಡ್ಡಾಸ್ಪತ್ರೆಯಿಂದ ಫೋನು ಬಂತು. ಮಾತಾಡಿದವನು ಗಡ್ಡದ ಡ್ರೈವರಣ್ಣ. ಬಸ್ಸು ಓಡಿಸುವ ಮನುಷ್ಯ, ಎದೆಯವರೆಗೆ ಗಡ್ಡ. ಇಪ್ಪತ್ತು ವರ್ಷದಿಂದ ತಿಂಗಳಿಗೆರಡು ಸಲ ಮಾವನ ಕುರ್ಚಿಯಲ್ಲಿ ಕೂತು ಅದರ ಅಂಚು ಕತ್ತರಿಸಿಕೊಳ್ಳುತ್ತಿದ್ದವನು. ಪಿತ್ತಕೋಶದಲ್ಲಿ ಕಲ್ಲಂತೆ, ನಾಳೆ ಬೆಳಿಗ್ಗೆ ಆಪರೇಷನ್ನಂತೆ.

"ಗಡ್ಡ ತೆಗೀಬೇಕು ಅಂತಾರಪ್ಪಾ! ಯಾವನೋ ಮಷೀನ್ ಹಿಡ್ಕೊಂಡು ಬಂದಿದ್ದ. ಓಡಿಸಿದೆ. ತೆಗೆಯೋದೇ ಆದ್ರೆ ನಿನ್ನ ಕೈಯಲ್ಲೇ. ಆದ್ರೆ ತೆಗೆಯೋದು ಯಾಕೆ, ನೀನೇ ಬಂದು ಕೇಳು."

ಮಾವ ಚೀಲಕ್ಕೆ ಕತ್ತಿ, ಬಟ್ಟಲು, ಟವೆಲು ತುಂಬಿಕೊಂಡರು. ವಾರ್ಡಿನ ದಾರಿ ಗೊತ್ತಿದ್ದದ್ದು ಸೊಸೆಗೆ. ಗುಬ್ಬಿಯ ಊಟದ ಡಬ್ಬಿ ಹಿಡಿದು ಅವಳೂ ಹೊರಟಳು.

ಹಾದಿಯುದ್ದಕ್ಕೂ ಮಾವ ಕುದಿಯುತ್ತಿದ್ದರು. "ಹೊಟ್ಟೆ ಕೊಯ್ಯೋದಕ್ಕೂ ಗಡ್ಡಕ್ಕೂ ಏನು ಸಂಬಂಧ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

ಡ್ರೈವರಣ್ಣ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಳ್ಳರ ನಡುವೆ ಗಂಟು ಹಿಡಿದವನ ಹಾಗೆ ಮಂಚದ ಮೇಲೆ ಕೂತಿದ್ದ.

"ತಾಳು, ನನ್ನ ಮಗಳೇ ಇಲ್ಲಿ ಡಾಕ್ಟರು," ಎಂದರು ಮಾವ ಎಲ್ಲರಿಗೂ ಕೇಳುವಂತೆ. "ಯಾರು ಹೇಳಿದ್ದು ಗಡ್ಡ ತೆಗೀಬೇಕು ಅಂತ? ಕರೀರಿ ಅವರನ್ನ."

ನರ್ಸು ಹೋಗಿ ಕರೆತಂದದ್ದು ಗುಬ್ಬಿಯನ್ನೇ.

ಬಿಳಿ ಕೋಟು, ಎತ್ತಿ ಕಟ್ಟಿದ ಕೂದಲು. ಅಪ್ಪನನ್ನು ಕಂಡು ಒಂದು ಗಳಿಗೆ ತಡವರಿಸಿದಳು. ಮತ್ತೆ ಸುಧಾರಿಸಿಕೊಂಡು, "ನಾನೇ ಹೇಳಿದ್ದು. ನಮ್ಮ ಹಿರಿಯ ಡಾಕ್ಟರಮ್ಮನೂ ನೋಡಿ ಹೌದು ಅಂದಿದಾರೆ," ಎಂದಳು.

"ಯಾಕೆ?"

ಗುಬ್ಬಿ ಹೋಗಿ ಒಂದು ರಬ್ಬರಿನ ಮಾಸ್ಕನ್ನೂ ಅದಕ್ಕೆ ಸಿಕ್ಕಿಸಿದ ಮೆತ್ತನೆಯ ಚೀಲವನ್ನೂ ತಂದಳು. "ಅಪ್ಪ, ನೀವು ಇಲ್ಲಿ ಕೂತ್ಕೊಳ್ಳಿ." ಮಾಸ್ಕನ್ನು ಅಪ್ಪನ ನುಣ್ಣನೆಯ ಮುಖಕ್ಕೆ ಒತ್ತಿ ಹಿಡಿದಳು. "ಊದಿ." ಚೀಲ ಉಬ್ಬಿತು. ಆಮೇಲೆ ಅದನ್ನೇ ಒರೆಸಿ ಡ್ರೈವರಣ್ಣನ ಮುಖಕ್ಕಿಟ್ಟಳು. ಅವನು ಬಸ್ಸಿನ ಹಾರನ್ನಿನ ಹಾಗೆ ಕೆನ್ನೆ ಉಬ್ಬಿಸಿ ಊದಿದ. ಗಾಳಿಯೆಲ್ಲ ಗಡ್ಡದ ಸಂದಿಯಿಂದ ಬುಸ್ ಎಂದು ಹೊರಗೆ ಹೋಯಿತು. ಚೀಲ ಜೋತು ಬಿದ್ದೇ ಇತ್ತು.

"ಮತ್ತು ಬಂದ ಮೇಲೆ ಮೈ ಉಸಿರಾಡೋದನ್ನೂ ಮರೆತುಬಿಡುತ್ತೆ ಅಪ್ಪ. ಗಂಟಲಿಗೆ ನಳಿಕೆ ಹಾಕೋವರೆಗೂ ಈ ಚೀಲ ಒತ್ತಿ ಒತ್ತಿ ನಾವೇ ಉಸಿರು ಕೊಡಬೇಕು. ಅದು ಹೀಗೆ ಸೋರಿಹೋದ್ರೆ?"

ಮಾವ ಮಾಸ್ಕಿನ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದರು. "ನಳಿಕೆ ಹಾಕಿದ ಮೇಲೆ ನಿನ್ನ ಕೆಲಸ ಮುಗೀತು."

"ಶುರುವಾಯ್ತು ಅನ್ನಿ. ಅವರು ತಾನಾಗಿ ಉಸಿರಾಡಿ ಕಣ್ಣು ಬಿಡೋವರೆಗೂ ತಲೆ ಕಡೆಯಿಂದ ಕದಲೋ ಹಾಗಿಲ್ಲ. ಅದೇ ನಮ್ಮ ಜಾಗ."

"ಕೊಯ್ಯೋರು?"

"ಅವರು ಹೊಟ್ಟೆ ಕಡೆ. ಹೊಲಿಗೆ ಹಾಕಿ ಹೋಗ್ತಾರೆ."

ಮಾವ ಅಭ್ಯಾಸದಂತೆ ಗಿರಾಕಿಯ ತಲೆಯ ಹಿಂದೆ ನಿಂತು, ಟವೆಲು ಹೊದಿಸಿದರು. ಮೊದಲು ಕತ್ತರಿ ಹಾಕಿದರು. ಇಪ್ಪತ್ತು ವರ್ಷದ ಗಡ್ಡ ಗುಪ್ಪೆ ಗುಪ್ಪೆಯಾಗಿ ಟವೆಲಿನ ಮೇಲೆ ಬಿತ್ತು. ಡ್ರೈವರಣ್ಣನ ಗಲ್ಲ ನಡುಗುತ್ತಿತ್ತು. ಕತ್ತಿ ಇಡಲು ಆಗುತ್ತಿರಲಿಲ್ಲ. ಗುಬ್ಬಿ ಬಂದು ಅಪ್ಪನ ಪಕ್ಕದಲ್ಲೇ ನಿಂತು, ಎರಡೂ ಅಂಗೈಯಿಂದ ಅವನ ತಲೆ ಹಿಡಿದುಕೊಂಡಳು.

"ಅಣ್ಣಾ, ನಿಮ್ಮ ಬಸ್ಸಲ್ಲಿ ನಾನು ಕಾಲೇಜಿಗೆ ಹೋಗ್ತಿದ್ದೆ. ಕಡಿದಾದ ತಿರುವಿನಲ್ಲಿ ಹೇಗೆ ತಿರುಗಿಸ್ತಿದ್ರಿ ಹೇಳಿ, ಬಾಯಿ ಆಡಿಸದೇ."

"ಬಾಯಿ ಆಡಿಸದೇ ಹೇಗಮ್ಮಾ ಹೇಳೋದು?"

"ಹಾಗಾದ್ರೆ ನೆನಸ್ಕೊಳ್ಳಿ. ಕಣ್ಣು ಮುಚ್ಚಿ. ಗೇರು ಇಳಿಸಿ. ನಿಧಾನ. ಎದುರಿಗೆ ಲಾರಿ ಇಲ್ಲ..."

ಗಲ್ಲದ ನಡುಕ ನಿಂತಿತು. ಕತ್ತಿ ಕೆನ್ನೆಯ ಮೇಲೆ ಹರಿಯಿತು. ಊಟದ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತಿದ್ದ ಸೊಸೆ, ಒಂದೇ ತಲೆಯ ಮೇಲೆ ಅಪ್ಪ ಮಗಳ ನಾಲ್ಕು ಕೈ ಓಡಾಡುವುದನ್ನು ನೋಡಿದಳು. ಯಾರ ಕೈಯೂ ಇನ್ನೊಬ್ಬರ ಕೈಗೆ ಅಡ್ಡ ಬರಲಿಲ್ಲ.

ನೊರೆ ಒರೆಸಿದಾಗ ಗಡ್ಡದೊಳಗಿನಿಂದ ಬೇರೆಯೇ ಒಬ್ಬ ಹೊರಗೆ ಬಂದಿದ್ದ. ಗಲ್ಲದಲ್ಲಿ ಗುಳಿ ಇತ್ತು. ಡ್ರೈವರಣ್ಣ ಕೆನ್ನೆ ಮುಟ್ಟಿಕೊಂಡು, "ಮತ್ತೆ ಬೆಳೆಯುತ್ತೆ ತಾನೇ?" ಎಂದ.

ಮಾವ ಕತ್ತಿ ಮಡಚಿದರು. "ಬೆಳೆಸೋದು ನನ್ನ ಜವಾಬ್ದಾರಿ. ಎಬ್ಬಿಸೋದು ಅವಳದು."

ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ಇಳಿಯುವ ಹೊತ್ತಿಗೆ, "ಅವಳು ಡಬ್ಬಿ ಪೂರ್ತಿ ಖಾಲಿ ಮಾಡಿದ್ಲಾ?" ಎಂದರು.

"ಹೂಂ ಮಾವ. ನಿಂತ್ಕೊಂಡೇ ತಿಂದ್ಲು."

"ನಾಳೆಯಿಂದ ಒಂದು ಹಿಡಿ ಜಾಸ್ತಿ ಹಾಕು. ನಿಲ್ಲೋ ಕೆಲಸ ಅದು. ಕಾಲು ಹಿಡ್ಕೊಳ್ಳುತ್ತೆ."

ಆದರೂ ಅವರು ಬಾಯಿಬಿಟ್ಟು ಸರಿ ಎನ್ನಲಿಲ್ಲ. ಗುಬ್ಬಿಯೂ ಕೇಳಲಿಲ್ಲ. ತಿಂಗಳ ಕೊನೆಗೆ ಅವಳು ಅರ್ಜಿ ಹಾಕಿ ಬಂದು, ಎಲ್ಲರೂ ಇರುವಾಗಲೇ ಹೇಳಿದಳು: "ಅರಿವಳಿಕೆ ಒಂದನ್ನೇ ಬರೆದೆ ಅಪ್ಪ. ಸರ್ಜರಿ ಬರೀಲಿಲ್ಲ. ಆಸೆ ಇಲ್ಲ ಅಂತಲ್ಲ, ಇದೆ. ಆದ್ರೆ ಕಾಯ್ತಾ ಕೂರಲ್ಲ."

ಮಾವ ಬಹಳ ಹೊತ್ತು ಮಜ್ಜಿಗೆ ಕುಡಿದರು. "ಮೊನ್ನೆ ಒಬ್ಬ ಕೇಳಿದ, ಮಗಳು ಸರ್ಜನ್ ಆಗಲ್ವಂತೆ, ಹೌದಾ ಅಂತ."

"ನೀವೇನಂದ್ರಿ?"

"ಬಾಯಿ ಮುಚ್ಕೊಂಡು ಕೂತ್ಕೋ, ಕಿವಿ ಹತ್ರ ಕತ್ತರಿ ಇದೆ ಅಂದೆ."

ಗಂಡ ಮೊದಲು ನಕ್ಕ. ಆ ದಿನ ಎಲ್ಲರೂ ಒಂದೇ ಪಾಳಿಯಲ್ಲಿ ಉಂಡರು. ಸೊಸೆ ಅನ್ನ ಒಂದೇ ಸಲ ಬಿಸಿ ಮಾಡಿದಳು.

ಸೀಟು ಸಿಕ್ಕಿತು, ಅದೇ ದೊಡ್ಡಾಸ್ಪತ್ರೆಯಲ್ಲಲ್ಲ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಇನ್ನೊಂದರಲ್ಲಿ. ಗುಬ್ಬಿ ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳೆಲ್ಲ ಹಿರಿಯರ ಪಕ್ಕದಲ್ಲಿ ನಿಂತು ನೋಡುವುದರಲ್ಲೇ ಕಳೆದವು. ಸುಸ್ತಾಗಿ ಬಂದು ಚಪ್ಪಲಿ ಕಾಲಲ್ಲೇ ನಿದ್ದೆ ಹೋದ ದಿನಗಳಿದ್ದವು. ಸರ್ಜರಿಗೆ ಸೇರಿದ ಗೆಳತಿಯ ಫೋನು ಬಂದಾಗ ಮೇಲಿನ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ದಿನಗಳೂ ಇದ್ದವು. ಸೊಸೆ ಆಗ ಬಾಗಿಲು ಬಡಿಯುತ್ತಿರಲಿಲ್ಲ. ಚಹಾವನ್ನು ಮೆಟ್ಟಿಲ ಮೇಲಿಟ್ಟು, ಲೋಟದ ಸದ್ದು ಮಾಡಿ ಇಳಿದು ಬರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಗುಬ್ಬಿ ಪಾಳಿ ಮುಗಿಸಿ ಬಂದು, ಕೈ ತೊಳೆದವಳೇ ಒಲೆಯ ಹತ್ತಿರ ಕೂತಳು. ಕಣ್ಣು ಕೆಂಪಗಿತ್ತು, ಮುಖ ಮಾತ್ರ ಬೆಳಗುತ್ತಿತ್ತು.

"ಅತ್ತಿಗೆ, ಹೊಟ್ಟೆ ಹಸೀತಾ ಇದೆ. ನಿನ್ನೆ ಹಿರಿಯರು ನನ್ನ ಕೈಗೇ ಬಿಟ್ರು. ಪಕ್ಕದಲ್ಲಿ ನಿಂತಿದ್ರು ಅಷ್ಟೆ."

ಪರದೆಯ ಆಚೆ ಕತ್ತರಿಯ ಸದ್ದು ನಿಂತಿತು. ಮಾವ ಒಳಗೆ ಬಂದರು. ಹಿಂದೆಯೇ ಗಂಡ.

"ಕೊಯ್ದವನು ಯಾರು?" ಎಂದರು ಮಾವ.

"ನನ್ನ ಬ್ಯಾಚಿನ ಹುಡುಗ. ಕತ್ತಿ ಹಿಡ್ಕೊಂಡು ನನ್ನ ಮುಖ ನೋಡ್ತಾ ನಿಂತಿದ್ದ. ನಾನು ಹೂಂ ಅನ್ನದೇ ಶುರು ಮಾಡೋ ಹಾಗಿಲ್ಲವಲ್ಲ."

"ನಿನ್ನ ಕೇಳಿಯೇ ಶುರು ಮಾಡಬೇಕಾ?"

"ಕೇಳಿಯೇ."

ಮಾವ ಆ ಮಾತನ್ನು ಬೆಲ್ಲದ ಚೂರಿನ ಹಾಗೆ ಬಾಯಲ್ಲಿ ಹೊರಳಿಸಿಕೊಂಡು ನಿಂತರು. ಅಷ್ಟರಲ್ಲಿ ಅಜ್ಜಿ ಮಂಚದಿಂದ ಕೇಳಿದರು: "ಅದೆಲ್ಲ ಇರಲಿ. ಎಷ್ಟು ಜನರನ್ನ ಮಲಗಿಸಿದ್ಯೇ?"

"ನಾಲ್ಕು ಜನರನ್ನ ಅಜ್ಜಿ."

"ಎದ್ದವರೆಷ್ಟು?"

"ನಾಲ್ಕೂ ಜನ."

ಅಜ್ಜಿ ಸಮಾಧಾನದಿಂದ ಗೋಡೆಯ ಕಡೆಗೆ ಹೊರಳಿದರು. ಮಾವ ಮಗಳ ಎದುರಿಗಿದ್ದ ತಟ್ಟೆ ನೋಡಿ, ಸೊಸೆಯ ಕಡೆ ತಿರುಗಿ, "ಇನ್ನೊಂದು ಮೊಟ್ಟೆ ಒಡೆದು ಹಾಕಮ್ಮ ಅವಳಿಗೆ," ಎಂದರು. "ನೀನೂ ಕೂತ್ಕೋ. ಬಿಸಿ ಇರೋವಾಗ್ಲೇ ತಿನ್ನು."